ಓದಿದ್ದು ಅರ್ಥವಾಗಬೇಕು ಅಂತ ಹಠ ಹಿಡಿದ ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಹೆಸರು ಶಾಲೆ ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತೆ. ವಿಧವೆಯರಿಗೆ ಶಾಲೆ ತೆರೆದವರು, ಶಾರದಾ ಸದನ ಕಟ್ಟಿದವರು, ಅಷ್ಟೇ. ಮಹಾರಾಷ್ಟ್ರದವರು ಅಂತಲೇ ಬಹಳ ಜನ ತಿಳಿದಿದ್ದಾರೆ. ಆದರೆ ಅವರು ಹುಟ್ಟಿದ್ದು ನಮ್ಮ ಕರ್ನಾಟಕದ ಮಣ್ಣಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋ ಜಾಗ ಅದು.

ಅವರ ಶಾಲೆ, ಆಶ್ರಮದ ವಿಷಯ ಎಲ್ಲರೂ ಬರೀತಾರೆ. ಅದರ ಹಿಂದೆ ಇದ್ದ ಒಂದು ಅಭ್ಯಾಸದ ಬಗ್ಗೆ ಬರೆಯೋರು ಕಡಿಮೆ. ಬೈಬಲ್ ತೆರೆದು, ಪ್ರಾರ್ಥನೆ ಮಾಡಿ, ನಿಧಾನವಾಗಿ ಓದಿ, ಇವತ್ತು ನಾನು ಮಾಡಬೇಕಾದ್ದೇನು ಅಂತ ಅದರೊಳಗೆ ಹುಡುಕೋ ಅಭ್ಯಾಸ. ಆ ಓದು ಅವರಿಗೆ ಸಂತೋಷ ಕೊಟ್ಟಿತು, ದಾರಿ ತೋರಿಸಿತು, ಹತ್ತಿರದ ಸ್ನೇಹಿತರನ್ನು ದೂರ ಮಾಡಿದ್ದೂ ಅದೇ.

ರಮಾಬಾಯಿಗೆ ಓದು ಬಂದಿದ್ದು ಮನೆಯಿಂದ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು, ದೊಡ್ಡ ಸಂಸ್ಕೃತ ಪಂಡಿತರು. ಪುಣೆಯಲ್ಲಿ ಓದುವಾಗ ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡ್ತಿದ್ದರು. ಹೆಂಗಸರೂ ಕಲೀಬಹುದು ಅನ್ನೋದು ಅವರ ಮನಸ್ಸಲ್ಲಿ ಆಗಲೇ ಕೂತುಬಿಡ್ತು. ಊರಿಗೆ ಬಂದು ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಶುರು ಮಾಡಿದರು. ಊರವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆ ಮುಂದೆ ನಿಂತು, ಹೆಂಗಸಿಗೆ ಸಂಸ್ಕೃತ ಕಲಿಸೋದು ತಪ್ಪಲ್ಲ ಅಂತ ಶಾಸ್ತ್ರಗಳಿಂದಲೇ ಪ್ರಮಾಣ ತೆಗೆದು ತೋರಿಸಬೇಕಾಯಿತು. ಆಮೇಲೆ ಕಾಡಿಗೆ ಹೋಗಿ ಗಂಗಾಮೂಲದಲ್ಲಿ ಮನೆ ಕಟ್ಟಿಕೊಂಡರು. ರಮಾಬಾಯಿ ಹುಟ್ಟಿದ್ದು ಅಲ್ಲಿ.

ಮಗು ಆರು ತಿಂಗಳಿರುವಾಗ ಸಂಸಾರ ಕಾಡು ಬಿಟ್ಟಿತು. ಕೈಯಲ್ಲಿದ್ದ ದುಡ್ಡು ಮುಗಿದಿತ್ತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊತ್ತುಕೊಂಡು ಹೊರಟರು. ಅಲ್ಲಿಂದ ಮುಂದೆ ತೀರ್ಥಯಾತ್ರೆಯೇ ಬದುಕು. ದೇವಸ್ಥಾನದಲ್ಲೋ ಹೊಳೆ ದಂಡೆಯಲ್ಲೋ ಕೂತು ಪುರಾಣ ಓದೋದು, ಜನ ಕೊಟ್ಟ ಹೂವು, ಹಣ್ಣು, ಕಾಸು ತಗೊಂಡು ಮುಂದಿನ ಊರಿಗೆ ಹೋಗೋದು. ರಮಾಬಾಯಿಗೆ ತಾಯಿಯೇ ಗುರು. ನಡೀತಾ ನಡೀತಾ, ಬೆಳಗಿನ ಜಾವ ಎಬ್ಬಿಸಿ ಕೂರಿಸಿ, ಬಾಯಿಪಾಠ. ಭಾಗವತದ ಹದಿನೆಂಟು ಸಾವಿರ ಶ್ಲೋಕ ಚಿಕ್ಕ ವಯಸ್ಸಿಗೇ ಬಾಯಿಗೆ ಬಂದಿತ್ತು.

ಇಲ್ಲೊಂದು ವಿಷಯ ಗಮನಿಸಬೇಕು. ಪಾರಾಯಣ ಅಂದರೆ ಏನು ಅಂತ ನಮ್ಮ ಕಳವಾರ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಓದೋರು ಓದ್ತಾರೆ, ಕೇಳೋರು ಕೈ ಮುಗಿದು ಕೇಳ್ತಾರೆ, ಕಿವಿಗೆ ಬಿದ್ದರೇ ಪುಣ್ಯ. ಡೋಂಗ್ರೆ ಸಂಸಾರ ಮಾಡ್ತಿದ್ದದ್ದೂ ಅದನ್ನೇ. ಸಂಸ್ಕೃತದಲ್ಲಿ ಓದಿ ಮುಗಿಸೋದು, ಅರ್ಥ ಬಿಡಿಸಿ ಹೇಳೋದು ಅದರಲ್ಲಿ ಇರಲಿಲ್ಲ. ನಮ್ಮ ಕೈವಾರ ತಾತಯ್ಯನವರು ಜನರ ಮಾತಲ್ಲೇ ತೆಲುಗು, ಕನ್ನಡದಲ್ಲಿ ಹಾಡು ಕಟ್ಟಿದ್ದನ್ನು ನೆನೆಸಿಕೊಂಡರೆ ಎರಡಕ್ಕೂ ಇರೋ ವ್ಯತ್ಯಾಸ ಗೊತ್ತಾಗುತ್ತೆ. ಓದಿದ್ದು ಕೇಳಿದವಳಿಗೆ ಅರ್ಥವಾಗಬೇಕು ಅನ್ನೋ ಹಠ ರಮಾಬಾಯಿಗೆ ಆಮೇಲೆ ಬಂತು. ಬಂದ ಮೇಲೆ ಸಾಯೋವರೆಗೂ ಬಿಡಲಿಲ್ಲ.

1874ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಬರ ಈ ಸಂಸಾರವನ್ನು ಹಿಡಿಯಿತು. ನಮ್ಮ ಕೋಲಾರ ಸೀಮೆಯಲ್ಲಿ ಅಜ್ಜಿಯರು ಹೇಳ್ತಿದ್ದ ಧಾತು ಬರ ಇದಾದ ಎರಡು ವರ್ಷಕ್ಕೆ ಬಂದದ್ದು. ಇವರಿಗೆ ಕೂಲಿ ಕೆಲಸ ಗೊತ್ತಿಲ್ಲ, ಭಿಕ್ಷೆ ಬೇಡೋಕೆ ನಾಚಿಕೆ. ಇದ್ದಬದ್ದ ಪಾತ್ರೆ, ಒಡವೆ, ಬಟ್ಟೆ ಮಾರಿ ಮುಗಿದ ಮೇಲೆ ಕಾಡಿನ ಎಲೆ, ಕಾಯಿ ತಿಂದು ದಿನ ನೂಕಿದರು. ತಂದೆ ಹೋದರು, ಸ್ವಲ್ಪ ದಿನಕ್ಕೆ ತಾಯಿ, ಆಮೇಲೆ ಅಕ್ಕ. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದು, ಉತ್ತರದ ಕಡೆಗೆ ಹೋಗಿ, 1878ರಲ್ಲಿ ಕಲ್ಕತ್ತಾ ಸೇರಿದರು.

ಕಲ್ಕತ್ತಾದ ಪಂಡಿತರು ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು. ಅಲ್ಲೇ ಕೇಶವಚಂದ್ರ ಸೇನರು ವೇದ ಓದು ಅಂತ ಹೇಳಿ ಪುಸ್ತಕವನ್ನೇ ಕೈಗೆ ಕೊಟ್ಟರು. ಹೆಂಗಸರು ವೇದ ಮುಟ್ಟಬಾರದು ಅಂತ ಕೇಳಿ ಬೆಳೆದವರಿಗೆ ಅದೊಂದು ಆಘಾತ. ಅದೇ ಊರಲ್ಲಿ ಒಂದು ಕ್ರೈಸ್ತ ಕೂಟಕ್ಕೆ ಹೋದಾಗ ಯಾರೋ ಸಂಸ್ಕೃತದ ಬೈಬಲ್ ಕೊಟ್ಟರು.

ಓದೋಕೆ ನೋಡಿದರು, ಆಗಲಿಲ್ಲ. ಇಷ್ಟು ದೊಡ್ಡ ಪಂಡಿತೆಗೆ ಸಂಸ್ಕೃತ ಬೈಬಲ್ ಅರ್ಥವಾಗಲಿಲ್ಲ! ಅದರ ಸಂಸ್ಕೃತ ಇವರು ಕಲಿತ ಸಂಸ್ಕೃತದ ಹಾಗಿರಲಿಲ್ಲ, ವಿಷಯವೂ ಹೊಸದು. ಸಮಯ ದಂಡ ಅನಿಸಿ ಪಕ್ಕಕ್ಕಿಟ್ಟರು. ಆದರೆ ಪುಸ್ತಕವನ್ನು ಎಸೆಯಲಿಲ್ಲ, ಎಲ್ಲಿ ಹೋದರೂ ಜೊತೆಗೆ ಒಯ್ದರು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ಜಾತಿ ಬಿಟ್ಟು ಮದುವೆಯಾದರು. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. ಮನೆಯ ಪುಸ್ತಕಗಳ ನಡುವೆ ಒಂದು ದಿನ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೋ ಅವರಿಗೇ ಗೊತ್ತಿರಲಿಲ್ಲ. ಸಣ್ಣ ಪುಸ್ತಕ, ಜನರ ಭಾಷೆ. ಈ ಸಲ ಓದಿಸಿಕೊಂಡು ಹೋಯಿತು. ಸಂಸ್ಕೃತದಲ್ಲಿ ಮುಚ್ಚಿದ್ದ ಬಾಗಿಲು ಬಂಗಾಳಿಯಲ್ಲಿ ತೆರೆಯಿತು ಅನ್ನಬಹುದು. ಗಂಡನಿಗೆ ಹೆಂಡತಿ ಕ್ರೈಸ್ತಳಾಗೋದು ಇಷ್ಟವಿರಲಿಲ್ಲ, ಆ ಮಾತು ಅಲ್ಲಿಗೆ ನಿಂತಿತು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮಾರನೇ ವರ್ಷ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ಹೋದರು. ಇಪ್ಪತ್ಮೂರು ವರ್ಷದ ವಿಧವೆ, ಕಂಕುಳಲ್ಲಿ ಕೂಸು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ, ಹೆಂಗಸು ಡಾಕ್ಟರುಗಳಿಗಾಗಿ ಮಾತಾಡಿದರು. 1883ರಲ್ಲಿ ವೈದ್ಯ ಓದಬೇಕು ಅಂತ ಇಂಗ್ಲೆಂಡಿಗೆ ಹೋದರು. ಕಿವಿ ಮಂದ ಅಂತ ಅದು ಕೈಗೂಡಲಿಲ್ಲ. ವಾಂಟೇಜ್ ಅನ್ನೋ ಊರಲ್ಲಿ ಕ್ರೈಸ್ತ ಸನ್ಯಾಸಿನಿಯರ ಮನೆಯಲ್ಲಿ ಇದ್ದರು. ಆ ಸಿಸ್ಟರ್‌ಗಳು ಇವರನ್ನು ಲಂಡನ್ನಿನ ಫುಲಂನಲ್ಲಿದ್ದ ತಮ್ಮ ಆಶ್ರಯಕ್ಕೆ ಕರಕೊಂಡು ಹೋದರು. ದಾರಿ ತಪ್ಪಿದವರು ಅಂತ ಊರು ದೂರ ಇಟ್ಟ ಹೆಂಗಸರು ಅಲ್ಲಿದ್ದರು. ಅವರನ್ನು ಮನೆಮಕ್ಕಳ ಹಾಗೆ ನೋಡಿಕೊಳ್ಳೋದು ಕಂಡು ರಮಾಬಾಯಿಗೆ ಆಶ್ಚರ್ಯ. ಇಂಥವರನ್ನು ಯಾಕೆ ಇಷ್ಟು ಪ್ರೀತಿಯಿಂದ ನೋಡ್ತೀರಿ ಅಂತ ಕೇಳಿದರು. ಸಿಸ್ಟರ್ ಒಬ್ಬರು ವಾದ ಮಾಡಲಿಲ್ಲ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ಓದಿದರು.

ಸಮಾರ್ಯದ ಹೆಂಗಸಿನ ಕತೆ ಅದು. ನಮ್ಮ ಕಡೆಯವರಿಗೆ ಬೇಗ ಮುಟ್ಟೋ ಕತೆ, ಯಾಕೆಂದರೆ ಅದು ನಡೆಯೋದು ಬಾವಿ ಕಟ್ಟೆ ಮೇಲೆ. ಯೆಹೂದ್ಯರು ಸಮಾರ್ಯದವರ ಪಾತ್ರೆಯಲ್ಲಿ ನೀರು ಕುಡಿಯಲ್ಲ. ಸುಡು ಮಧ್ಯಾಹ್ನ ಒಬ್ಬಳೇ ನೀರಿಗೆ ಬಂದಿದ್ದಾಳೆ, ಐದು ಗಂಡಂದಿರನ್ನು ಕಂಡವಳು, ಊರ ಬಾಯಿಗೆ ಬಿದ್ದವಳು. ಯೇಸು ಅವಳನ್ನು ಕುಡಿಯೋಕೆ ನೀರು ಕೇಳ್ತಾನೆ. ಮಾತಾಡ್ತಾನೆ. ದೇವರನ್ನು ಪೂಜಿಸೋದು ಈ ಬೆಟ್ಟದಲ್ಲೋ ಆ ಪಟ್ಟಣದಲ್ಲೋ ಅಂತ ಅವಳು ಕೇಳಿದ್ದಕ್ಕೆ ಗಂಡಸಿಗೆ ಹೇಳೋ ಹಾಗೇ ಉತ್ತರ ಹೇಳ್ತಾನೆ. ಯಾರ ಬಾವಿಯಲ್ಲಿ ಯಾರು ಸೇದಬಾರದು ಅನ್ನೋದು ನಮ್ಮ ಹಳ್ಳಿಗಳಲ್ಲಿ ಗೊತ್ತಿಲ್ಲದವರು ಯಾರು? ಜೀವನವಿಡೀ ಹೆಂಗಸರಿಗೆ ಇದು ಬೇಡ, ಅದು ಬೇಡ ಅಂತ ಕೇಳಿದ್ದ ರಮಾಬಾಯಿಗೆ ಆ ಅಧ್ಯಾಯ ಎದೆಗೆ ಬಂದು ನಾಟಿತು. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ತಗೊಂಡರು.

ಭಾರತದಲ್ಲಿ ಬೈಗುಳದ ಮಳೆ. ಇಂಗ್ಲೆಂಡಲ್ಲಾದರೂ ಆರಾಮವಾಗಿದ್ದರಾ ಅಂದರೆ ಅದೂ ಇಲ್ಲ. ಸಭೆಯ ಹಿರಿಯರು ಹೇಳಿದ್ದನ್ನು ಹಾಗೇ ಒಪ್ಪು ಅಂದರೆ ಇವರು ಒಪ್ಪಲಿಲ್ಲ, ಬೈಬಲ್ಲಿನಲ್ಲಿ ಅದೆಲ್ಲಿದೆ ತೋರಿಸಿ ಅನ್ನೋರು. ಮಾಂಸ ಮುಟ್ಟಲಿಲ್ಲ. ಹಾಕಿಕೊಳ್ಳೋ ಶಿಲುಬೆ ಮೇಲೆ ಲ್ಯಾಟಿನ್ ಅಕ್ಷರ ಇತ್ತು. ಅದು ನನಗೂ ಅರ್ಥವಾಗಲ್ಲ, ನಮ್ಮ ಜನಕ್ಕೂ ಅರ್ಥವಾಗಲ್ಲ, ಅದರ ಬದಲು ಸಂಸ್ಕೃತದಲ್ಲಿ ಬರೆಸೋಣ ಅಂತ ಪಟ್ಟು ಹಿಡಿದರು. ಒಬ್ಬ ಪುರೋಹಿತನ ಕೈಯಿಂದ ಬಿಡಿಸಿಕೊಂಡು ಬಂದು ಇನ್ನೊಬ್ಬನ ಕೈಗೆ ಬೀಳೋಕೆ ನಾನು ಬಂದಿಲ್ಲ ಅನ್ನೋದು ಅವರ ನಿಲುವು. ಬಿಳಿಯರ ಊರಲ್ಲಿ, ಅವರ ಅನ್ನ ತಿಂದುಕೊಂಡು, ಹೀಗೆ ನಿಲ್ಲೋದು ಸುಲಭದ ಮಾತಲ್ಲ.

ಆದರೆ ಸಂತೋಷ? ಅದು ಇನ್ನೂ ಬಂದಿರಲಿಲ್ಲ ಅಂತ ಅವರೇ ಬರೆದಿಟ್ಟಿದ್ದಾರೆ. ದೀಕ್ಷಾಸ್ನಾನ ಆಗಿ ಎಂಟು ವರ್ಷ ಓದಿದರು, ಪ್ರಾರ್ಥಿಸಿದರು, ಸಿದ್ಧಾಂತ ತಿಳಿದುಕೊಂಡರು. ಒಳಗೆ ನೆಮ್ಮದಿ ಇಲ್ಲ. ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅನ್ನೋದು ಅವರ ಲೆಕ್ಕ. 1891ರ ಸುಮಾರಿಗೆ ಹಾಸ್ಲಮ್ ಅನ್ನೋ ಇಂಗ್ಲಿಷ್ ಪಾದ್ರಿಯ ಆತ್ಮಕತೆ ಓದಿದರು. ವರ್ಷಗಟ್ಟಲೆ ಪಾದ್ರಿ ಕೆಲಸ ಮಾಡಿದ ಮೇಲೆ ನಿಜವಾದ ನಂಬಿಕೆ ಕಂಡ ಮನುಷ್ಯ ಆತ. ಪಾದ್ರಿಗೇ ಹಾಗಾದರೆ ನನ್ನ ಗತಿ ಏನು ಅಂತ ಮತ್ತೆ ಬೈಬಲ್ ಹಿಡಿದು ಕೂತರು. ಈ ಸಲ ತಪ್ಪು ಒಪ್ಪು ಹುಡುಕೋಕೆ ಅಲ್ಲ, ಕೇಳಿಸಿಕೊಳ್ಳೋಕೆ.

ಆಗ ಅವರಿಗೆ ಕಂಡದ್ದನ್ನು ಅಂಗಡಿಯವರ ಮಾತಲ್ಲಿ ಹೀಗೆ ಹೇಳಬಹುದು. ಖಾತೆ ಪುಸ್ತಕದಲ್ಲಿ ಬಾಕಿ ಬೆಳೀತಾ ಇದೆ, ದಿನಾ ಇಷ್ಟಿಷ್ಟು ಕಟ್ಟಿ ತೀರಿಸ್ತೀನಿ ಅಂತ ಒಬ್ಬ ಒದ್ದಾಡ್ತಾನೆ. ಒಂದು ದಿನ ಹೋಗಿ ನೋಡಿದರೆ ಇಡೀ ಬಾಕಿಯನ್ನು ಯಾರೋ ಕಟ್ಟಿ, ಹೆಸರಿನ ಮೇಲೆ ಗೀಟು ಎಳೆದಿದ್ದಾರೆ. ವ್ರತ, ಉಪವಾಸ, ತೀರ್ಥಯಾತ್ರೆ, ಆಮೇಲೆ ಕ್ರೈಸ್ತ ನೇಮ, ಎಲ್ಲದರಲ್ಲೂ ಅವರು ಬಾಕಿ ತೀರಿಸೋಕೆ ನೋಡ್ತಿದ್ದರು. ಅದು ತೀರಿಹೋಗಿದೆ ಅಂತ ಓದಿ ನಂಬಿದ ದಿನದಿಂದ ಮನಸ್ಸು ಹಗುರವಾಯಿತು. ಪಂಡಿತೆ ಮಗುವಿನ ಹಾಗೆ ಸಂತೋಷಪಟ್ಟರು.

ಇದನ್ನು ಎಲ್ಲರೂ ಒಪ್ಪಬೇಕು ಅಂತೇನಿಲ್ಲ. ಆ ಸಂತೋಷ ಅವರಿಗೆ ಕೊಟ್ಟ ತೊಂದರೆಯನ್ನೂ ಹೇಳಬೇಕು.

1889ರ ಮಾರ್ಚ್ 11ರಂದು ಅವರು ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು, ಮಾರನೇ ವರ್ಷ ಅದು ಪುಣೆಗೆ ಬಂತು. ಅಮೆರಿಕದಲ್ಲಿ ಊರೂರು ತಿರುಗಿ, ಪುಸ್ತಕ ಬರೆದು ಮಾರಿ ಕೂಡಿಸಿದ ದುಡ್ಡು. ಶಾಲೆಯಲ್ಲಿ ಯಾವ ಧರ್ಮವನ್ನೂ ಹೇಳಿಕೊಡಲ್ಲ ಅನ್ನೋದು ಕರಾರು. ನ್ಯಾಯಮೂರ್ತಿ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಸಲಹಾ ಸಮಿತಿಯಲ್ಲಿದ್ದರು. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಬೈಬಲ್ ಓದಿ ಪ್ರಾರ್ಥನೆ ಮಾಡೋರು. ಬಾಗಿಲು ಮಾತ್ರ ಮುಚ್ಚುತ್ತಿರಲಿಲ್ಲ. ಒಬ್ಬೊಬ್ಬರೇ ಹುಡುಗಿಯರು ಬಂದು ಕೂರೋಕೆ ಶುರು ಮಾಡಿದರು. ಬನ್ನಿ ಅಂತ ಕರೆಯಲಿಲ್ಲ, ಹೋಗಿ ಅಂತ ಕಳಿಸಲೂ ಇಲ್ಲ.

1893ರಲ್ಲಿ ಗಲಾಟೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ರಾನಡೆ, ಭಂಡಾರ್ಕರ್ ರಾಜೀನಾಮೆ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರಕೊಂಡು ಹೋದರು.

ನನ್ನ ಪ್ರಕಾರ ಎರಡೂ ಕಡೆ ನ್ಯಾಯ ಇತ್ತು. ಅಂಗಡಿ ಬಾಗಿಲು ತೆಗೆದು ದೇವರ ಫೋಟೋಗೆ ಊದುಬತ್ತಿ ಹಚ್ಚೋದನ್ನು ಗಿರಾಕಿಗಳಿಗೆ ಕಾಣದ ಹಾಗೆ ಮಾಡು ಅಂದರೆ ಯಾರೂ ಒಪ್ಪಲ್ಲ. ರಮಾಬಾಯಿ ಹೇಳಿದ್ದೂ ಅಷ್ಟೇ: ನಾನು ಕಲಿಸಲ್ಲ ಅಂತ ಮಾತು ಕೊಟ್ಟಿದ್ದೇನೆ, ಬಚ್ಚಿಡ್ತೀನಿ ಅಂತ ಕೊಟ್ಟಿಲ್ಲ. ಆದರೆ ರಾನಡೆಯವರ ಕಷ್ಟವೂ ಸುಳ್ಳಲ್ಲ. ಸಂಪ್ರದಾಯಸ್ಥರ ಮನೆಗೆ ಹೋಗಿ, ನಿಮ್ಮ ಮಗಳ ಧರ್ಮಕ್ಕೆ ಯಾರೂ ಕೈ ಹಾಕಲ್ಲ, ಕಳಿಸಿ ಅಂತ ತಮ್ಮ ಹೆಸರು ಒತ್ತೆ ಇಟ್ಟವರು ಅವರು. ಗುರು ಅಂದರೆ ಪ್ರಾಣ ಬಿಡೋ ವಯಸ್ಸಿನ ಹುಡುಗಿಗೆ ತೆರೆದ ಬಾಗಿಲೂ ಒಂದು ಕರೆಯೇ. ಗಲಾಟೆಯಲ್ಲಿ ಸೋತವರು ಮನೆಗೆ ವಾಪಸ್ಸು ಹೋದ ಆ ಹುಡುಗಿಯರು, ಅಕ್ಷರ ಅರ್ಧಕ್ಕೆ ಬಿಟ್ಟು.

ಸದನ ಮುಚ್ಚಲಿಲ್ಲ. ಬಾಗಿಲೂ ಮುಚ್ಚಲಿಲ್ಲ.

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಸುದ್ದಿ ಕೇಳಿದಾಗ ರಮಾಬಾಯಿಗೆ ಎಲೆ ತಿಂದ ದಿನಗಳು ನೆನಪಾದವು. ಕೈಯಲ್ಲಿ ದುಡ್ಡಿಲ್ಲ, ಜಾಗ ಇಲ್ಲ. ಓದಿ, ಪ್ರಾರ್ಥನೆ ಮಾಡಿ, ಹೋಗು ಅನ್ನೋ ಅಪ್ಪಣೆ ಸಿಕ್ಕಿತು ಅಂತ ನಂಬಿ ಹೊರಟುಬಿಟ್ಟರು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರಕೊಂಡು ಬಂದರು, ಮೂಳೆ ಚಕ್ಕಳ ಆದವರು, ಬೀದಿಯ ಗಂಡಸರ ಕೈಗೆ ಸಿಕ್ಕಿ ನೊಂದವರು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಕೊಂಡಿದ್ದ ಸುಮಾರು ನೂರು ಎಕರೆ ಬಯಲಿನಲ್ಲಿ ಅವರನ್ನಿಟ್ಟರು. ಅದೇ ಮುಕ್ತಿ ಸದನ. ಬಾವಿ ತೋಡಿಸಿದರು, ನೀರು ಬಂತು, ತೋಟ ಎದ್ದಿತು. 1900ರ ಗುಜರಾತ್ ಬರದ ನಂತರ ಅಲ್ಲಿ ಎರಡು ಸಾವಿರದ ಹತ್ತಿರ ಜನ. ಮಗ್ಗ, ಎಣ್ಣೆ ಗಾಣ, ಹಾಲಿನ ಹಸು, ಅಚ್ಚುಕೂಟ, ಎಲ್ಲವನ್ನೂ ಹೆಂಗಸರೇ ನಡೆಸ್ತಿದ್ದರು.

ಅಲ್ಲಿನ ಮನೆಗಳ ಹೆಸರು ನೋಡಿದರೆ ಅವರು ಓದಿದ್ದನ್ನು ಏನು ಮಾಡ್ತಿದ್ದರು ಅಂತ ತಿಳಿಯುತ್ತೆ. ಕಣ್ಣಿಲ್ಲದವರಿಗೆ ಒಂದು ಮನೆ. ಸುವಾರ್ತೆಯಲ್ಲಿ ದಾರಿ ಬದಿ ಕೂತು ಯೇಸುವನ್ನು ಕೂಗಿದ ಕುರುಡ ಬಾರ್ತಿಮಾಯನ ಹೆಸರು ಅದಕ್ಕೆ. ಅಲ್ಲಿ ಬ್ರೈಲ್ ಓದಿಸೋರು. ಮೋಸಹೋದ, ಊರು ಹೊರಗೆ ಹಾಕಿದ ಹೆಂಗಸರಿಗೆ ಕೃಪಾ ಸದನ. ಫುಲಂನಲ್ಲಿ ಕೇಳಿದ ಬಾವಿ ಕಟ್ಟೆಯ ಅಧ್ಯಾಯ ಹದಿನೈದು ವರ್ಷದ ಮೇಲೆ ಹೀಗೆ ಗೋಡೆ, ಚಾವಣಿ ಆಯಿತು.

1905ರಲ್ಲಿ ಮುಕ್ತಿಯಲ್ಲಿ ದೊಡ್ಡ ಆತ್ಮಿಕ ಎಚ್ಚರ ನಡೆಯಿತು, ನೂರಾರು ಹೆಂಗಸರು ದಿನಾ ಗುಂಪಾಗಿ ಪ್ರಾರ್ಥನೆಗೆ ಕೂರೋರು. ಅದರ ಬಗ್ಗೆ ಹೊರದೇಶದಲ್ಲೂ ಬಹಳ ಬರೆದಿದ್ದಾರೆ. 1912ರ ಸುಮಾರಿಗೆ ಮಗಳು ಮನೋರಮಾ ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ಗಂಗಾಮೂಲದಿಂದ ಪೆಟ್ಟಿಗೆಯಲ್ಲಿ ಹೊರಟ ಮಗುವಿನ ಕೆಲಸ ಹೀಗೆ ಸುತ್ತಿ ಬಳಸಿ ಮತ್ತೆ ಕನ್ನಡದ ನೆಲಕ್ಕೆ ಬಂತು.

ಕೊನೆಯ ಹದಿನೈದು ಹದಿನೆಂಟು ವರ್ಷ ಅವರನ್ನು ಹಿಡಿದಿಟ್ಟದ್ದು ಒಂದೇ ಕೆಲಸ, ಮರಾಠಿ ಬೈಬಲ್. ಮರಾಠಿಯಲ್ಲಿ ಬೈಬಲ್ ಆಗಲೇ ಇತ್ತು. ನಮ್ಮ ಕನ್ನಡದಲ್ಲೂ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1830ರ ದಶಕದ ಆರಂಭದಲ್ಲೇ ಇಡೀ ಬೈಬಲ್ ಬಂದಿತ್ತು. ಇದ್ದ ಮೇಲೆ ಇನ್ನೊಂದು ಯಾಕೆ? ಆ ಮರಾಠಿ ತೀರಾ ಸಂಸ್ಕೃತಮಯ, ಹೊಲದಲ್ಲಿ ಕಳೆ ಕೀಳೋ ಹೆಂಗಸಿಗೆ ಅರ್ಥವಾಗಲ್ಲ ಅನ್ನೋದು ಅವರ ದೂರು. ಕಲ್ಕತ್ತಾದಲ್ಲಿ ಸಂಸ್ಕೃತ ಬೈಬಲ್ ಹಿಡಿದು ಏನೂ ತಿಳಿಯದೆ ಕೂತಿದ್ದವರು ತಾನೇ ಅವರು. ಮೂಲವನ್ನೇ ನೋಡಬೇಕು ಅಂತ ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಒಂದೊಂದು ಮಾತಿಗೂ ಸರಳ ಮಾತು ಹುಡುಕಿದರು. ಸಂಸ್ಕೃತದಲ್ಲಿ ಸರಸ್ವತಿ ಅನ್ನಿಸಿಕೊಂಡವರು ಅದೇ ಸಂಸ್ಕೃತದ ಪದಗಳನ್ನು ಒಂದೊಂದಾಗಿ ತೆಗೆದು ಹಾಕ್ತಾ ಕೂತರು ಅನ್ನೋದು ನನಗೆ ಅವರ ಬದುಕಿನಲ್ಲೇ ದೊಡ್ಡ ಸಂಗತಿ ಅನಿಸುತ್ತೆ. ಪಾಂಡಿತ್ಯ ಗಳಿಸೋದಕ್ಕಿಂತ ಬಿಡೋದು ಕಷ್ಟ.

ಸರ್ಕಾರ 1919ರಲ್ಲಿ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮನೋರಮಾ ನಲವತ್ತನೇ ವಯಸ್ಸಿಗೆ ತೀರಿಕೊಂಡಳು. ತನ್ನ ನಂತರ ಎಲ್ಲ ನೋಡಿಕೊಳ್ತಾಳೆ ಅಂತಿದ್ದ ಒಬ್ಬಳೇ ಮಗಳು. ತಾಯಿ ಮತ್ತೆ ಕರಡು ತಿದ್ದೋಕೆ ಕೂತರು. ಮೈಯಲ್ಲಿ ಶಕ್ತಿ ಇರಲಿಲ್ಲ, ಈ ಕೆಲಸ ಮುಗಿಸೋವಷ್ಟು ದಿನ ಕೊಡು ಅಂತ ದೇವರನ್ನು ಕೇಳ್ತಿದ್ದರು ಅಂತ ಮುಕ್ತಿಯವರು ಹೇಳ್ತಾರೆ. ಕೆಲಸ ಮುಗಿಯಿತು. 1922ರ ಏಪ್ರಿಲ್ 5ರಂದು ರಮಾಬಾಯಿ ಹೋದರು.

ಇಡೀ ಬೈಬಲ್ ಪುಸ್ತಕವಾಗಿ ಹೊರಗೆ ಬಂದದ್ದು 1924ರಲ್ಲಿ, ಕೇಡಗಾಂವ್‌ನ ಅದೇ ಅಚ್ಚುಕೂಟದಿಂದ. ಮೊಳೆ ಜೋಡಿಸಿದ್ದು, ಅಚ್ಚು ಹಾಕಿದ್ದು ಮುಕ್ತಿಯ ಹೆಂಗಸರು. ಬರಗಾಲದಲ್ಲಿ ಅಲ್ಲಿಗೆ ಬಂದಾಗ ಅವರಲ್ಲಿ ಎಷ್ಟೋ ಜನಕ್ಕೆ ಒಂದಕ್ಷರವೂ ಬರ್ತಿರಲಿಲ್ಲ.